ಜೊತೆಗೆ ಬರುವವರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಸಿಡುಕಿ,

ನೀನು ನನ್ನನ್ನು ಬಿಟ್ಟುಹೋದದ್ದನ್ನು ಕೆಲಸದ ಕಡೆ ಯಾರಿಗೂ ಹೇಳಿರಲಿಲ್ಲ. ಅತ್ತೆಗೆ ಹುಷಾರಿಲ್ಲ, ನೋಡಿಕೊಳ್ಳಲು ತವರಿಗೆ ಹೋಗಿದ್ದಾಳೆ ಎಂದಿದ್ದೆ. ಕಲ್ಲುಗುಂಡಿನ ಹಾಗಿರುವ ನಿನ್ನಮ್ಮನನ್ನು ಮಳೆಗಾಲದಿಂದ ಹಾಸಿಗೆ ಹಿಡಿಸಿದ್ದೇನೆ. ನಮ್ಮ ಹಿರಿಯ ಮೆಕ್ಯಾನಿಕ್ ಪಾಪ, ಅವರಿಗೆಂದು ಎರಡು ಸಲ ಹಣ್ಣು ಕೊಟ್ಟರು. ಅದನ್ನು ಕೆಳಗಿನ ಮನೆಯ ಮಕ್ಕಳಿಗೆ ಕೊಟ್ಟುಬಿಟ್ಟೆ.

ನೀನು ಹೋದದ್ದು ನಾನು ಸುಳ್ಳು ಹೇಳಲಿಲ್ಲವೆಂದು. ಕಾಲಿಗೆ ಚಕ್ರ ಕಟ್ಟಿಕೊಂಡು ಕೆಲಸದಿಂದ ಕೆಲಸಕ್ಕೆ ಅಲೆಯುವವನು ಒಂದು ಕಡೆ ನಿಲ್ಲಲಿ ಎಂದು ನಿನ್ನಣ್ಣ ಆಫೀಸಿನ ಕೆಲಸ ಹುಡುಕಿದ್ದರು. ಹತ್ತನೇ ತರಗತಿ ಪಾಸು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಒಂಬತ್ತರಲ್ಲೇ ಶಾಲೆ ಬಿಟ್ಟೆ ಎಂದು ಆ ಆಫೀಸಿನವರಿಗೆ ನಿನ್ನಣ್ಣನ ಎದುರೇ ಹೇಳಿಬಿಟ್ಟೆ. ಅವರು ತಲೆ ತಗ್ಗಿಸಿ ಹೊರಬಂದರು. ಆ ಸಂಜೆ ನೀನು, “ನಿಮ್ಮ ಸತ್ಯದ ಜೊತೆ ನೀವೇ ಸಂಸಾರ ಮಾಡ್ಕೊಳ್ಳಿ,” ಎಂದು ಚಪ್ಪಲಿ ಮೆಟ್ಟಿದೆ. ಮಾಡಿ ನೋಡಿದೆ. ಅದು ಊಟ ಆಯಿತಾ ಎಂದು ಕೇಳುವುದಿಲ್ಲ.

ಈಗ ನಮ್ಮ ಲಿಫ್ಟ್ ಕಂಪನಿ ನನ್ನನ್ನು ಬೇರೆ ಊರಿಗೆ ಕಳಿಸುತ್ತಿದೆ, ಒಂದು ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳಲು. ಲಾರಿ, ರೈಲಿನ ಎರಡು ಟಿಕೆಟ್ಟು, ಮನೆ ಸಿಗುವವರೆಗೆ ಲಾಡ್ಜು, ಎಲ್ಲ ಅವರದೇ. ಅಕೌಂಟ್ಸ್ ಮೇಡಂ ಕೂರಿಸಿಕೊಂಡು ವಿವರಿಸಿದರು. ಕೆಲಸಕ್ಕಾಗಿ ಊರು ಬಿಡುವವನಿಗೂ ಅವನ ಜೊತೆ ಹೊರಡುವ ಮನೆಯವರಿಗೂ ಕಂಪನಿ ಮಾಡುವ ಖರ್ಚಿಗೆ ತೆರಿಗೆ ಇಲ್ಲವಂತೆ. ಜೊತೆಗೆ ಬರದವರ ಪಾಲು ಮಾತ್ರ ನನ್ನ ಸಂಬಳವೆಂದೇ ಲೆಕ್ಕ, ಅದಕ್ಕೆ ತೆರಿಗೆ ಹಿಡಿಯುತ್ತಾರಂತೆ.

“ನಿಮ್ಮನೆಯವ್ಳು ಬರ್ತಾಳಲ್ವೇನಪ್ಪಾ?” ಎಂದರು.

ಬರಲ್ಲ ಎಂದೆ.

“ಅತ್ತೆ ಹುಷಾರಾದ್ಮೇಲೆ ಬರ್ತಾಳೆ ಬಿಡು. ಬರ್ತಾಳೆ ಅಂತಾನೇ ಬರ್ಕೋತೀನಿ. ಯಾರು ಬಂದು ನಿನ್ನ ಬಾಗಿಲು ತಟ್ತಾರೆ?”

ಒಳ್ಳೆಯ ಹೆಂಗಸು, ನನ್ನ ಸಂಬಳ ಉಳಿಸಲು ನೋಡಿದರು. ಅತ್ತೆ ಚೆನ್ನಾಗೇ ಇದ್ದಾರೆ, ಹೆಂಡತಿಯೇ ನನ್ನನ್ನು ಬಿಟ್ಟುಹೋಗಿದ್ದಾಳೆ ಎಂದೆ. ಇಷ್ಟು ಕಾಲ ಬಚ್ಚಿಟ್ಟದ್ದು ಪಕ್ಕದ ಮೇಜಿನ ಗುಮಾಸ್ತರಿಗೂ ಕೇಳಿಸಿತು. ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು.

“ಶುಕ್ರವಾರದವರೆಗೂ ಟೈಮಿದೆ. ಹೋಗಿ ಕರಿ ಅವಳನ್ನ. ಕರೆದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದರು.

ನಾನು ಕರೆಯಲಿಲ್ಲ. ನಿಮ್ಮ ಬೀದಿಯ ತಿರುವಿನವರೆಗೂ ಬಂದು ಹಿಂದಿರುಗಿದೆ. ಶುಕ್ರವಾರ ಕಳೆಯಿತು, ನೀನು ಬರುವುದಿಲ್ಲವೆಂದೇ ಮೇಡಂ ಬರೆದುಕೊಂಡರು.

ಇವತ್ತು ಲಾರಿಯವರು ಬಂದಿದ್ದಾರೆ. ನಿನ್ನ ಹೊಲಿಗೆ ಮಿಷನ್ನನ್ನು ನೀನಿರುವ ನಿನ್ನಣ್ಣನ ಮನೆಯಲ್ಲಿ ಇಳಿಸಲು ಹೇಳಿದ್ದೇನೆ. ಆ ಬಳಸುದಾರಿಯ ಬಾಡಿಗೆಯೂ ನನ್ನ ಸಂಬಳಕ್ಕೇ ಸೇರಿ ತೆರಿಗೆ ಬೀಳುತ್ತದಂತೆ, ಬೀಳಲಿ. ಅದು ನಿನ್ನದು, ಅದನ್ನು ಹಿಡಿದಿಟ್ಟುಕೊಂಡು ನಿನ್ನನ್ನು ಎಳೆಯಲಾರೆ. ಪೆಡಲು ಕಿರುಗುಡುತ್ತಿತ್ತಲ್ಲ, ಸರಿಮಾಡಿದ್ದೇನೆ. ನೀನು ಅರ್ಧ ಸುತ್ತಿ ಬಿಟ್ಟಿದ್ದ ನೀಲಿ ದಾರವನ್ನು ಮುಟ್ಟಿಲ್ಲ. ಮಿಷನ್ ಎತ್ತಿದ ಮೇಲೆ ನೆಲದಲ್ಲಿ ಅದರ ಕಾಲುಗಳ ಗುರುತು ಕಂಡಿತು. ಉಜ್ಜಿ ತೆಗಿ ಎಂದರು ಮನೆ ಮಾಲೀಕರು. ಉಜ್ಜಿದೆ, ಹೋಗಲಿಲ್ಲ.

ನಿನ್ನಣ್ಣನಿಗೆ ನಾನು ಕ್ಷಮೆ ಕೇಳಿದೆನೆಂದು ಹೇಳು. ಅವತ್ತು ನಿಜ ಹೇಳಿದ್ದಕ್ಕಲ್ಲ. ಪಾಸೆಂದು ಸುಳ್ಳು ಹೇಳುವುದು ನನ್ನಿಂದಾಗದು ಎಂದು ಮನೆಯಲ್ಲೇ, ಹೊರಡುವ ಮೊದಲೇ ಹೇಳದೆ ಅವರ ಜೊತೆ ಹೋದೆನಲ್ಲ, ಅದಕ್ಕೆ.

ನಿನ್ನ,
ಮೊಂಡ

ತಾ. ಕ.: ಈ ಪತ್ರ ಮಿಷನ್ನಿನ ಹೊದಿಕೆಯೊಳಗಿದೆ, ಸಂಜೆಯೊಳಗೆ ಸಿಗುತ್ತದೆ. ಶುಕ್ರವಾರದೊಳಗೆ ಕರೆದಿದ್ದರೆ, ತೆರಿಗೆ ಉಳಿಸಲು ಇವನಿಗೆ ಹೆಂಡತಿ ಬೇಕಾದಳು ಎಂದು ಒಂದಲ್ಲ ಒಂದು ದಿನ ನಿನಗೆ ಅನಿಸುತ್ತಿತ್ತು. ನನಗೂ ಅನಿಸುತ್ತಿತ್ತೇನೋ. ಅದಕ್ಕೇ ಆ ದಿನ ಕಳೆಯಲೆಂದು ಕಾದೆ. ನಿನ್ನ ಪಾಲಿನ ತೆರಿಗೆ ಹಿಡಿದಾಗಿದೆ. ಇನ್ನು ನೀನು ಬಂದರೂ, ಬರದಿದ್ದರೂ ನನ್ನ ಸಂಬಳ ಒಂದೇ. ಈಗ ಕರೆಯುತ್ತಿದ್ದೇನೆ, ಬಾ. ಕಂಪನಿ ಮೊದಲೇ ಕೊಂಡಿದ್ದ ನಿನ್ನ ಟಿಕೆಟ್ಟು ನನ್ನ ಹತ್ತಿರವೇ ಇದೆ. ನಾಳೆ ಬೆಳಿಗ್ಗೆ ಏಳರ ರೈಲಿಗೆ ಹೊರಡುತ್ತೇನೆ.