ಕತ್ತರಿ ಹಿಡಿದ ಮೀನು

ಮಗಳೇ,

ನಾನೂ ಅಪ್ಪನೂ ನಿನ್ನ ದೊಡ್ಡಪ್ಪನ ಮನೆಗೆ ಹೊರಟಿದ್ದೇವೆ. ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಅನ್ನ ಒಲೆಯ ಮೇಲಿದೆ. ಹಾಯಿಯ ಬಟ್ಟೆ ಬಿಸಿಲಿಗೆ ಹರವಿದ್ದೇನೆ, ಒಣಗಿದ ಮೇಲೆ ಮಡಿಸು.

ಕತ್ತರಿ ಹುಡುಕಬೇಡ, ನಾನೇ ಎತ್ತಿಟ್ಟಿದ್ದೇನೆ. ಬಂಡೆಗೆ ಸಿಕ್ಕಿ ಹರಿದ ಬಲೆಯ ದಾರ ಎಳೆ ಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ನೀನು ಹರಿದದ್ದು ಉಗುರು ಕತ್ತರಿಸಿದ ಹಾಗೆ ನುಣ್ಣಗಿದೆ. ವಾರವಾರವೂ ಬಲೆ ಹರಿಯುತ್ತದೆ, ವಾರವಾರವೂ ಅದನ್ನು ಹೆಣೆಯಲು ಆ ಹುಡುಗ ಹಿತ್ತಲಿಗೆ ಬರುತ್ತಾನೆ, ನಿನಗೂ ಅದೇ ಹೊತ್ತಿಗೆ ಹಿತ್ತಲಲ್ಲಿ ಕೆಲಸ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುವುದಿಲ್ಲವೇ?

ನಿನ್ನೆ ನೀನು ಊಟ ಮುಗಿಸಿ ಎದ್ದ ಮೇಲೆ ಅಪ್ಪ, "ಈ ವರ್ಷ ಮೀನುಗಳು ಕತ್ತರಿ ಹಿಡ್ಕೊಂಡು ಓಡಾಡ್ತಿವೆ ಕಣೇ" ಅಂದರು. ನಾನು ಎದ್ದು ಹೋಗಿ ಕತ್ತರಿ ಎತ್ತಿಟ್ಟೆ.

ನೀನು ದೋಣಿಗಳ ಒಡೆಯನ ಮಗಳು, ಅವನು ಕೂಲಿಯವನ ಮಗ. ದೊಡ್ಡಪ್ಪನ ಕಿವಿಗೆ ಬಿದ್ದರೆ ಆ ಹುಡುಗನಿಗೆ ಈ ದಡದಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ಅಲ್ಲಿ ನಾವು ಬಾಯಿ ಬಿಡುವುದಿಲ್ಲ. ನೀನೂ ಅಕ್ಕಪಕ್ಕದವರ ಹತ್ತಿರ ಬಿಡಬೇಡ.

ಹೊರಡುವ ಮೊದಲು ಅಪ್ಪ ಒಂದು ಬಲೆ ತಂದು ಜಗಲಿಯ ಮೇಲೆ ಹಾಕಿದ್ದಾರೆ. ಸಂಜೆ ನಾವು ಬರುವ ಹೊತ್ತಿಗೆ ಅವನನ್ನು ಕರೆಸಬೇಕಂತೆ. ಹಿತ್ತಲಿಂದಲ್ಲ, ಮುಂಬಾಗಿಲಿಂದ. ಕೂರಲು ಅಪ್ಪನ ಪಕ್ಕದ ಕುರ್ಚಿ ಹಾಕಬೇಕಂತೆ. ದೀಪದ ಗಾಜು ಒರೆಸಿಡು.

ಆ ಬಲೆಯನ್ನು ಪೂರ್ತಿ ಬಿಡಿಸಿ ನೋಡಿದೆ. ಎಲ್ಲೂ ಹರಿದಿಲ್ಲ.

ತಲೆ ಬಾಚಿಕೊಂಡಿರು.

ಅಮ್ಮ