ನಾಲ್ಕು ಒಂದು ಒಂದು ನಾಲ್ಕು

ಖಲೀಫಾ ಸಿಟಿ, ಅಬುಧಾಬಿ
೧೪ ಜುಲೈ ೨೦೧೭, ಶುಕ್ರವಾರ, ಜುಮಾ ಮುಗಿಸಿ ಬಂದು

ಪ್ರೀತಿಯ ಶಹೀರ್ ಮೋನೇ, ಅಸ್ಸಲಾಮು ಅಲೈಕುಂ.

ಈ ಕಾಗದ ಬರೆಯುತ್ತಿರುವ ನಿನ್ನ ಅಬ್ದುಲ್ಲ ಮಾಮ ಈಗ ಬರೀ ಡ್ರೈವರ್ ಅಲ್ಲ, ಎರಡು ಅಮೆರಿಕನ್ ಕಾರುಗಳ ಮಾಲಿಕ ಎಂದು ಮೊದಲೇ ತಿಳಿಸುತ್ತೇನೆ. ಇಡೀ ಅಬುಧಾಬಿಯಲ್ಲಿ ಕಾರು ವ್ಯಾಪಾರದ ಮರ್ಮ ಗೊತ್ತಿರುವ ಮನುಷ್ಯ ಒಬ್ಬನೇ, ಅದು ನಾನು. ದೊಡ್ಡ ದೊಡ್ಡ ಅರಬಿಗಳು ಕೂಡ ಕಾರು ಕೊಳ್ಳುವ ಮೊದಲು ಗೇಟಿನ ಪಕ್ಕದ ನನ್ನ ಕೋಣೆಯ ಬಾಗಿಲು ತಟ್ಟಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಅದು ಇರಲಿ. ನೀನು ಹೇಗಿದ್ದಿ? ನಸೀಮಳಿಗೆ ಇದು ಏಳನೇ ತಿಂಗಳಲ್ಲವಾ, ಭಾರ ಎತ್ತಲು ಬಿಡಬೇಡ, ಬಾವಿಯಿಂದ ನೀರು ನೀನೇ ಸೇದು. ನಿನ್ನ ಉಮ್ಮ ಮೈಮೂನಳ ಸಕ್ಕರೆ ಕಾಯಿಲೆ ಎಷ್ಟಕ್ಕೆ ನಿಂತಿದೆ? ನನ್ನ ತಂಗಿ ಅಂತ ಹೇಳುವುದಲ್ಲ, ಡಾಕ್ಟರರ ಎದುರು ಪಥ್ಯ ಅನ್ನುತ್ತಾಳೆ, ಹಿಂದಿನಿಂದ ಹಲ್ವ ತಿನ್ನುತ್ತಾಳೆ. ಸಣ್ಣವಳಿದ್ದಾಗಲೂ ಹಾಗೆಯೇ, ಬೆಲ್ಲದ ಭರಣಿ ನೆಕ್ಕಿ ನನ್ನ ಮೇಲೆ ಹಾಕುತ್ತಿದ್ದಳು. ನನ್ನ ಆರೋಗ್ಯ ಅಲ್‌ಹಂದುಲಿಲ್ಲಾ ಚೆನ್ನಾಗಿದೆ, ನಿದ್ದೆ ಮಾತ್ರ ಸ್ವಲ್ಪ ಕಡಿಮೆ. ಅದಕ್ಕೆ ಇಲ್ಲಿಯ ಸೆಖೆ ಕಾರಣ.

ವಾಟ್ಸಾಪ್ ಬಿಟ್ಟು ಕಾಗದ ಯಾಕೆ ಎಂದು ನೀನು ಕೇಳಬಹುದು. ನನ್ನ ಅಕ್ಷರ ಹೇಗಿದೆ ನೋಡು, ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೂ ಮಾಸ್ತರರು ಬೋರ್ಡಿನ ಮೇಲೆ ದಿನಾಂಕ ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಅದೂ ಅಲ್ಲದೆ ಫೋನಿನಲ್ಲಿ ನಾನು ಮಾತಾಡಿ ಕಳಿಸಿದ್ದನ್ನು ನಿನ್ನ ಉಮ್ಮ ಅಂಗಳದಲ್ಲಿ ಜೋರಾಗಿ ಹಾಕುತ್ತಾಳೆ, ಆಚೆ ಮನೆಯವರು ಕೇಳಿ ದುಬೈಯಲ್ಲಿರುವ ಮಗನಿಗೆ ಹೇಳುತ್ತಾರೆ, ಅವನು ಸಂಜೆಗೆ ನನಗೇ ಫೋನ್ ಮಾಡಿ ನನ್ನ ಸುದ್ದಿ ನನಗೇ ಹೇಳುತ್ತಾನೆ. ದುಬೈಯ ಮುಹೈಸ್ನಾದಲ್ಲಿ ಕೂಲಿಯವರ ಕ್ಯಾಂಪುಗಳಿಗೆ ತರಕಾರಿ ಹಾಕುವ ನಮ್ಮ ಅಹ್ಮದ್ ಇವತ್ತು ಊರಿಗೆ ಹೊರಟಿದ್ದಾನೆ. ಸಂಜೆಯ ವಿಮಾನಕ್ಕೆ ಮೊದಲು ಇಲ್ಲಿಗೆ ಬಂದು ಇದನ್ನು ತೆಗೆದುಕೊಂಡು ಹೋಗುತ್ತಾನೆ. ಕವರಿಗೆ ನಾಲ್ಕೂ ಕಡೆ ಟೇಪ್ ಹಾಕಿದ್ದೇನೆ. ಟೇಪ್ ಎದ್ದಿದ್ದರೆ ಅಹ್ಮದ್ ಓದಿದ್ದಾನೆ ಎಂದು ತಿಳಿ.

ನಿನ್ನ ಮೆಸೇಜು ಬಂದು ಮೂರು ವಾರವಾಯಿತು. ನಾನು ನೋಡಿದ್ದೇನೆ ಎಂದು ನಿನಗೆ ನೀಲಿ ಗೆರೆ ಬಂದಿರುತ್ತದೆ, ಅದನ್ನು ಬರದ ಹಾಗೆ ಮಾಡುವುದು ನನಗೆ ಗೊತ್ತಿಲ್ಲ. ಫರಂಗಿಪೇಟೆಯಲ್ಲಿ ಸ್ವಂತ ಗ್ಯಾರೇಜಿಗೆ ಹೈವೇ ಬದಿಯ ಶೆಡ್ ಸಿಗುತ್ತದೆ, ಮಾಲಿಕರು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾರೆ, ಆಮೇಲೆ ಟೈಲ್ಸ್ ಅಂಗಡಿಯವರಿಗೆ ಕೊಡುತ್ತಾರೆ, ನಮ್ಮ ಕಾರು ಮಾರಿ ನನ್ನ ಅರ್ಧ ಪಾಲು ಕಳಿಸಿ ಮಾಮಾ ಎಂದು ಬರೆದಿದ್ದಿ. ಕೊನೆಗೆ, ಬೇರೆಯವರ ಗ್ಯಾರೇಜಿನಲ್ಲಿ ಇನ್ನು ಆಗುವುದಿಲ್ಲ ಎಂದೂ ಬರೆದಿದ್ದಿ. ಅದನ್ನು ನಾನು ಎಷ್ಟು ಸಲ ಓದಿದೆ ಎಂದು ನಾನೇ ಎಣಿಸಿಲ್ಲ.

ಈಗ ಸಂಗತಿ ಹೇಳುತ್ತೇನೆ, ಕುಳಿತುಕೊಂಡು ಓದು. ನಮ್ಮ ಹಳೆ ಮಸ್ಟಾಂಗನ್ನು ನಾನು ಜನವರಿಯಲ್ಲೇ ಕೊಟ್ಟೆ. ಮಾರಿದ್ದಲ್ಲ, ಬದಲು ಮಾಡಿದ್ದು. ಒಂದಕ್ಕೆ ಎರಡು. ನಲವತ್ತೇಳು ವರ್ಷದ ಮುದುಕ ಕಾರು ಕೊಟ್ಟು, ಒಂದು ಕೆಂಪು ಕಮಾರೊ, ಒಂದು ಕಪ್ಪು ಚಾಲೆಂಜರ್, ಎರಡೂ ನಾಲ್ಕು ವರ್ಷದ ಹರೆಯದವು. ಹಾಲು ಬತ್ತಿದ ಎಮ್ಮೆ ಕೊಟ್ಟು ಎರಡು ಕಡಸು ಹೊಡೆದುಕೊಂಡು ಬಂದ ಹಾಗೆ. ನಿನಗೆ ಮೊದಲು ಹೇಳಬೇಕಿತ್ತು, ಒಪ್ಪುತ್ತೇನೆ. ಹೇಳದೆ ಇದ್ದದ್ದು ನಿನ್ನನ್ನು ಬೆರಗು ಮಾಡಬೇಕೆಂದು. ಒಂದು ಕಾರನ್ನು ಇಬ್ಬರು ಹೇಗೆ ಹಂಚಿಕೊಳ್ಳುವುದು, ಮುಂದಿನ ಅರ್ಧ ನಿನಗೆ ಹಿಂದಿನದು ನನಗಾ? ಎರಡಾದರೆ ಒಂದೊಂದು. ಕೆಂಪು ನಿನ್ನದು ಎಂದು ಅವತ್ತೇ ಮನಸ್ಸಿನಲ್ಲಿ ಬರೆದಿದ್ದೆ. ಅದಕ್ಕೂ ಮೊದಲು ಆರು ತಿಂಗಳು ಫೋನಿನಲ್ಲಿ ಇದನ್ನೇ ನೋಡಿದ್ದೇನೆ. ಮುಂದೆ ಎಲ್ಲ ಕಾರೂ ಬ್ಯಾಟರಿಯಲ್ಲಿ ಓಡುತ್ತದಂತೆ, ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಮಾಡುವುದೇ ನಿಲ್ಲಿಸುತ್ತಾರಂತೆ, ಈಗ ತೆಗೆದಿಟ್ಟವನಿಗೆ ಹತ್ತು ವರ್ಷದಲ್ಲಿ ಚಿನ್ನವಂತೆ. ವಿಡಿಯೋದಲ್ಲಿ ಕೋಟು ಹಾಕಿಕೊಂಡ ಮನುಷ್ಯ ಹೇಳಿದ್ದು. ಅವನು ಹತ್ತು ವರ್ಷ ಎಂದದ್ದನ್ನು ನಾನು ಹತ್ತು ತಿಂಗಳು ಎಂದು ಹಿಡಿದೆನೋ ಏನೋ, ಯಾಕೆಂದರೆ ಇಲ್ಲಿಯವರೆಗೆ ಎರಡೂ ಇಳಿಯುತ್ತಲೇ ಇವೆ. ಷೋರೂಮಿನ ಮೊರಿಸ್, ಬೆಂದೂರಿನವನು, ಒಳ್ಳೆಯ ಹುಡುಗ, ನಾನು ಹೋದಾಗಲೆಲ್ಲ ಚಹಾ ತರಿಸುತ್ತಾನೆ, ಚಹಾ ಮುಗಿಯುವಷ್ಟರಲ್ಲಿ ಹಿಂದಿನ ಸಲಕ್ಕಿಂತ ಎರಡು ಸಾವಿರ ಕಡಿಮೆ ಹೇಳುತ್ತಾನೆ. ಮೊನ್ನೆ ನಾನು ಚಹಾ ಬೇಡ ಎಂದೆ.

ಕಾರು ಎರಡು ಇದ್ದರೆ ಚಿಂತೆ ನಾಲ್ಕು, ಇದು ಯಾರೂ ನನಗೆ ಹೇಳಿರಲಿಲ್ಲ. ಹಳೆಯದಕ್ಕೆ ಧಣಿಯ ವಿಲ್ಲಾದ ಹಿಂದೆ ತಗಡಿನ ನೆರಳು ಇತ್ತು. ಹೊಸತನ್ನು ಈಗಿನ ಧಣಿ ಚಿಕ್ಕ ಅರ್ಬಾಬ್ ಒಳಗೆ ಬಿಡುವುದಿಲ್ಲ, ಡ್ರೈವರಿನ ಕಾರು ಧಣಿಯ ಕಾರಿಗಿಂತ ಹೊಳೆಯಬಾರದಲ್ಲ. ಬನಿಯಾಸಿನಲ್ಲಿ ಮಸೀದಿ ಹಿಂದಿನ ಮರಳಿನಲ್ಲಿ ನಿಲ್ಲಿಸಿದ್ದೇನೆ. ಮಧ್ಯಾಹ್ನ ಧಣಿಯ ಮಕ್ಕಳನ್ನು ಶಾಲೆಯಿಂದ ತರುವಾಗಲೂ ನನ್ನ ತಲೆ ಅಲ್ಲೇ, ಟೈರಿನ ಗಾಳಿ ಹೋಯಿತಾ, ಬಣ್ಣ ಬಿಸಿಲಿಗೆ ಸೀದು ಹೋಯಿತಾ, ಯಾರಾದರೂ ಗೀರು ಹಾಕಿದರಾ. ಹಿಂದೆ ನನ್ನ ಚಿಂತೆ ನಮಾಜಿನಲ್ಲಿ ನಿಂತಾಗ ದೂರವಾಗುತ್ತಿತ್ತು. ಈಗ ಸಜ್ದಾದಲ್ಲಿ ಹಣೆ ಇಟ್ಟರೆ ಇನ್ಶೂರೆನ್ಸ್ ನೆನಪಾಗುತ್ತದೆ, ತೌಬಾ.

ಹಳೆಯ ಕಾರಿನ ಕತೆ ನಿನಗೆ ಗೊತ್ತಿದ್ದದ್ದೇ, ಆದರೂ ಬರೆಯುತ್ತೇನೆ, ಬರೆದರೆ ಸಮಾಧಾನ. ಈಗಿನ ಧಣಿಯ ತಂದೆ ದೊಡ್ಡ ಅರ್ಬಾಬ್, ಅಲ್ಲಾಹು ಅವರಿಗೆ ಸ್ವರ್ಗ ಕೊಡಲಿ, ಆ ಕಾರನ್ನು ಹರೆಯದಲ್ಲಿ ತಂದವರು. ಆಮೇಲೆ ಮೂವತ್ತು ವರ್ಷ ಅದರೊಳಗೆ ಬೆಕ್ಕುಗಳು ಮರಿ ಹಾಕುತ್ತಿದ್ದವು. ಒಂದು ದಿನ ಬೀಗದ ಕೈ ನನ್ನ ಮುಂದೆ ಎಸೆದು, ಅಬ್ದುಲ್ಲ, ಇದು ನಿನ್ನದು, ಕಾಗದವೂ ನಿನ್ನ ಹೆಸರಿಗೆ, ಬೆಕ್ಕುಗಳೂ ನಿನ್ನವು ಎಂದರು. ನೀನು ಮುಸಫ್ಫಾದ ಗ್ಯಾರೇಜಿಗೆ ಕೆಲಸಕ್ಕೆ ಬಂದ ಮೇಲೆಯೇ ಅದಕ್ಕೆ ಜೀವ ಬಂದದ್ದು. ಏಳು ವರ್ಷದ ಶುಕ್ರವಾರಗಳು. ನೀನು ಬಿರಿಯಾನಿ ಬಿಟ್ಟು ಬರೀ ಖುಬೂಸು ರೊಟ್ಟಿ ತಿಂದು ಬಂಪರಿಗೆ ದುಡ್ಡು ಕೂಡಿಸಿದ್ದಿ. ತುಕ್ಕು ತಿಂದ ನೆಲಕ್ಕೆ ಎಣ್ಣೆ ಡ್ರಮ್ಮಿನ ತಗಡು ಬಡಿದು ಕೂರಿಸಿದ್ದಿ. ನಾನು ಟಾರ್ಚ್ ಹಿಡಿದೆ. ಟಾರ್ಚ್ ಹಿಡಿಯುವುದೂ ಒಂದು ವಿದ್ಯೆಯೇ, ಎಲ್ಲರಿಗೂ ಬರುವುದಿಲ್ಲ. ಮೊದಲ ಸಲ ಎಂಜಿನ್ ಗುಡುಗಿದಾಗ ದೊಡ್ಡ ಅರ್ಬಾಬ್ ಗಾಲಿ ಕುರ್ಚಿಯಲ್ಲಿ ಹೊರಗೆ ಬಂದು ಅತ್ತದ್ದು, ನೀನು ಗ್ರೀಸ್ ಕೈಯಲ್ಲೇ ಅವರ ಕಣ್ಣು ಒರೆಸಲು ಹೋದದ್ದು, ಅವರ ಕೆನ್ನೆಯೆಲ್ಲ ಕಪ್ಪಾದದ್ದು, ನಿನಗೆ ನೆನಪುಂಟಾ?

ಆ ಗ್ಯಾರೇಜಿನವರು ಅರ್ಧ ಜನರನ್ನು ಮನೆಗೆ ಕಳಿಸಿದಾಗ ನಿನ್ನನ್ನೂ ಕಳಿಸಿದರು. ಏರ್‌ಪೋರ್ಟಿನಲ್ಲಿ ನೀನು ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು. ಮಾಮಾ, ಕಾರು ಹೋದರೂ ನಂಬರ್ ಬಿಡಬೇಡಿ. ನಾನು ನಕ್ಕೆ. ನಾಲ್ಕು ಒಂದು ಒಂದು ನಾಲ್ಕು, ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ ಎಂದು ನೀನು ಆ ನಂಬರಿಗೆ ಬಟ್ಟೆ ಹಾಕಿ ಉಜ್ಜುತ್ತಿದ್ದಿ. ಹುಡುಗನಿಗೆ ಅದರ ಮೇಲೆ ಪ್ರೀತಿ ಎಂದುಕೊಂಡೆ. ಯಾಕೆ ಎಂದು ಕೇಳಲಿಲ್ಲ. ನೀನೂ ಬಿಡಿಸಿ ಹೇಳಲಿಲ್ಲ, ಅಷ್ಟು ವರ್ಷ ಅಬುಧಾಬಿಯಲ್ಲಿರುವ ಮಾಮನಿಗೆ ಇದು ಗೊತ್ತಿಲ್ಲದೆ ಇರುತ್ತದಾ ಎಂದು.

ನನಗೆ ಗೊತ್ತಿರಲಿಲ್ಲ ಮೋನೇ. ಇಪ್ಪತ್ತೆಂಟು ವರ್ಷ ಬೇರೆಯವರ ಕಾರು ಓಡಿಸಿದ್ದೇನೆ, ನಾನಾಗಿ ಒಂದನ್ನೂ ಕೊಂಡವನಲ್ಲ, ಮಾರಿದವನಲ್ಲ. ಕಾಗದದ ಕೆಲಸವೆಲ್ಲ ಧಣಿಯ ಆಫೀಸಿನವರದ್ದು. ನಮ್ಮೂರಿನಲ್ಲಿ ಕಾರಿಗೆ ಒಂದು ನಂಬರ್ ಬಿತ್ತೆಂದರೆ ಅದು ಗುಜರಿಗೆ ಹೋಗುವವರೆಗೆ ಅದರದ್ದೇ, ಮನುಷ್ಯನ ಹೆಸರಿನ ಹಾಗೆ. ಇಲ್ಲಿ ನಂಬರ್ ಕಾರಿನದ್ದಲ್ಲ, ಮಾಲಿಕನದ್ದು. ಬಿಚ್ಚಿ ಬೇರೆ ಕಾರಿಗೆ ಹಾಕಬಹುದು, ಅದೊಂದನ್ನೇ ಮಾರಬಹುದು. ಶೇಖ್‌ಗಳ ಕಾರಿನ ಒಂದಂಕಿ ಎರಡಂಕಿ ನಂಬರುಗಳು ಹರಾಜಾಗುತ್ತವೆ ಎಂದು ಕೇಳಿದ್ದೆ. ಬೆಕ್ಕು ಮರಿ ಹಾಕಿದ ಕಾರಿನ ನಂಬರಿಗೂ ಬೆಲೆ ಇರುತ್ತದೆ ಎಂದು ಯಾರು ನೆನೆಸುತ್ತಾರೆ? ಮೊರಿಸ್ ಅವತ್ತು ಕೇಳಿದ್ದ. ನಂಬರ್ ಇಟ್ಟುಕೊಳ್ಳುವುದಾ ಬಿಡುವುದಾ ಅಬ್ದುಲ್ಲಾಕ ಎಂದು ಎರಡು ಸಲ ಕೇಳಿದ್ದ. ಷೋರೂಮಿನಲ್ಲಿ ನಾಲ್ಕು ಜನ ಗಿರಾಕಿಗಳು ನೋಡುತ್ತಿದ್ದರು. ನಾನು ಕಾಲ ಮೇಲೆ ಕಾಲು ಹಾಕಿ ಹೇಳಿದೆ, “ಮಗಳನ್ನು ಕಟ್ಟಿ ಕೊಟ್ಟ ಮೇಲೆ ಕೈಯ ಬಳೆ ಬಿಚ್ಚಿ ಇಟ್ಟುಕೊಳ್ಳುತ್ತಾರಾ ಮೊರಿಸ್? ಅದೂ ಹೋಗಲಿ.” ಎಲ್ಲರೂ ವಾಹ್ ಎಂದರು. ಆ ವಾಹ್ ನನ್ನ ಕಿವಿಯಲ್ಲಿ ಇನ್ನೂ ಇದೆ.

ಗೊತ್ತಾದದ್ದು ನಿನ್ನ ಮೆಸೇಜು ಬಂದ ಎರಡು ದಿನಕ್ಕೆ. ನಿನ್ನ ಕೆಂಪು ಕಾರಿಗೆ ಬೆಲೆ ಕೇಳಿ ಬರುವಾಗ ಬನಿಯಾಸಿನ ಪೆಟ್ರೋಲ್ ಪಂಪಿನಲ್ಲಿ ನನ್ನ ಮುಂದೆ ಒಂದು ದೊಡ್ಡ ಬಿಳಿ ಜೀಪು. ಅದರ ಹಿಂದೆ ನಾಲ್ಕು ಒಂದು ಒಂದು ನಾಲ್ಕು. ನಮ್ಮ ನಂಬರನ್ನು ಯಾರೋ ಕದ್ದಿದ್ದಾರೆ ಎಂದೇ ನನಗೆ ಅನ್ನಿಸಿತು. ಇಳಿದು ಹೋಗಿ ಬಾನೆಟಿಗೆ ಬಡಿದು, ಹಾದಾ ನಂಬರ್ ಮಾಲ್ ಅನಾ, ಇದು ನನ್ನ ನಂಬರ್, ಪೊಲೀಸ್ ಪೊಲೀಸ್ ಎಂದು ಕೂಗಿದೆ. ಒಳಗಿದ್ದವನು ಇಪ್ಪತ್ತೆರಡರ ಅರಬಿ ಹುಡುಗ. ಸಿಟ್ಟು ಮಾಡಲಿಲ್ಲ. ನನ್ನನ್ನು ನೆರಳಿಗೆ ಕರೆದು ಲಬನ್ ಮಜ್ಜಿಗೆ ಕುಡಿಸಿ, ಕಾರಿನ ಕಾರ್ಡು ತೋರಿಸಿ, ಹಾಜಿ, ನಾನು ಇದನ್ನು ದುಡ್ಡು ಕೊಟ್ಟು ತೆಗೆದುಕೊಂಡಿದ್ದೇನೆ ಎಂದ. ಎಷ್ಟು ಎಂದೂ ಹೇಳಿದ. ನನಗೆ ಅರಬಿ ಲೆಕ್ಕ ಚೆನ್ನಾಗಿ ಬರುತ್ತದೆ, ಅವತ್ತು ಬರದಿದ್ದರೆ ಒಳ್ಳೆಯದಿತ್ತು. ಮೊರಿಸ್ ಹತ್ತಿರ ಓಡಿದೆ. ಅವನು ನಂಬರನ್ನೂ ಬಿಟ್ಟುಕೊಟ್ಟಿದ್ದೇನೆ ಎಂದು ನನ್ನ ಸಹಿ ಇರುವ ಕಾಗದ ತೋರಿಸಿದ, ಮುಖ ಬಾಡಿತ್ತು ಪಾಪ. ಖಲಾಸ್.

ಹೆಚ್ಚೇನೂ ಅಲ್ಲ, ಗಾಬರಿ ಮಾಡಿಕೊಳ್ಳಬೇಡ. ಒಂದು ತಿಂಗಳ ಸಂಬಳದಷ್ಟು ಹೋಗಿರಬಹುದು. ಎರಡು ತಿಂಗಳು ಎಂದೇ ಇಟ್ಟುಕೋ. ವ್ಯಾಪಾರವೆಂದರೆ ಹೀಗೆಯೇ, ನನ್ನಂಥ ದೊಡ್ಡ ವ್ಯಾಪಾರಿಗೆ ಇದು ಸೊಳ್ಳೆ ಕಚ್ಚಿದ ಹಾಗೆ. ಎರಡು ವರ್ಷ ಬಿಡು, ನಿನ್ನ ಕೆಂಪು ಕಾರು ಏರುವುದನ್ನು ನೋಡು. ಶೆಡ್ಡಿನವರಿಗೆ ಸ್ವಲ್ಪ ಕಾಯಲು ಹೇಳಿ ನೋಡು. ಫರಂಗಿಪೇಟೆಯಲ್ಲಿ ಶೆಡ್ಡುಗಳಿಗೆ ಬರವಾ?

ಬೆನ್ನು ಬಗ್ಗಿಸಿ ಕೆಲಸ ಮಾಡುವ ನಿನ್ನ ಕೈಗಳಿಗೆ ಅಲ್ಲಾಹು ಬರ್ಕತ್ ಕೊಡಲಿ. ನಸೀಮಳಿಗೆ ಸುಖವಾಗಿ ಹೆರಿಗೆಯಾಗಲಿ. ಮೈಮೂನಳಿಗೆ ಹಲ್ವ ಬಿಡಲು ಹೇಳು, ಅಣ್ಣ ಹೇಳಿದ ಎಂದು ಹೇಳಿದರೆ ಇನ್ನೊಂದು ತುಂಡು ಜಾಸ್ತಿ ತಿನ್ನುತ್ತಾಳೆ, ಹಾಗಾಗಿ ನೀನೇ ಹೇಳಿದ ಹಾಗೆ ಹೇಳು.

ನಿನ್ನ ಮಾಮ,
ಅಬ್ದುಲ್ಲ

ತಾ.ಕ.: ಅಹ್ಮದ್ ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದಾನೆ. ಟೇಪ್ ಕಿತ್ತು ಮತ್ತೆ ಬರೆಯುತ್ತಿದ್ದೇನೆ, ಎದ್ದಿದ್ದರೆ ಅವನ ತಪ್ಪಲ್ಲ. ಮೇಲೆ ಬರೆದ ಎರಡು ಕಾರುಗಳು ನನ್ನಲ್ಲಿ ಇಲ್ಲ. ನಿನ್ನೆ ಎರಡನ್ನೂ ಮೊರಿಸನಿಗೇ ಕೊಟ್ಟೆ, ಒಂದು ಲಕ್ಷ ದಿರ್ಹಂ ಬಂತು. ಅಷ್ಟನ್ನೂ ನಿನ್ನ ಖಾತೆಗೆ ಹಾಕಿದ್ದೇನೆ, ರಸೀದಿ ಒಳಗಿದೆ. ಅರ್ಧ ಅಲ್ಲ, ಎಲ್ಲವೂ ನಿನ್ನದು, ಆದರೂ ನಿನ್ನ ಪಾಲಿಗೆ ಸಾಲದು. ಆ ಹುಡುಗ ನಂಬರಿಗೆ ಕೊಟ್ಟದ್ದು ಒಂದು ಲಕ್ಷದ ಅರವತ್ತೈದು ಸಾವಿರ. ಎರಡು ಕಾರಿನಲ್ಲಿ ಇಳಿದದ್ದು ನಲವತ್ತು ಸಾವಿರ. ಒಟ್ಟು ಎರಡು ಲಕ್ಷದ ಐದು ಸಾವಿರ ದಿರ್ಹಂ ನಾನು ಕಳೆದೆ, ಊರಿನ ಮೂವತ್ತಾರು ಲಕ್ಷದ ಹತ್ತಿರ, ನನ್ನ ಏಳು ವರ್ಷದ ಸಂಬಳ. ಯಾರಿಗೂ ಹೇಳಿಲ್ಲ, ಮೈಮೂನಳಿಗೆ ನೀನೂ ಹೇಳಬೇಡ. ಈ ವರ್ಷ ಊರಿಗೆ ಬಂದು ನಿಲ್ಲುತ್ತೇನೆ ಎಂದಿದ್ದೆ, ಅದಿಲ್ಲ, ಚಿಕ್ಕ ಅರ್ಬಾಬಿನ ಹತ್ತಿರ ವೀಸಾ ಮುಂದುವರಿಸಲು ಹೇಳಿದ್ದೇನೆ. ಶೆಡ್ಡಿನವರಿಗೆ ಕಾಯಲು ಹೇಳು ಎಂದು ಬರೆದದ್ದನ್ನು ಹೊಡೆದು ಹಾಕು. ನಾಳೆಯೇ ಹೋಗಿ ಅಡ್ವಾನ್ಸ್ ಕೊಡು, ನನ್ನ ಮೇಲಿನ ಸಿಟ್ಟಿಗೆ ಅದನ್ನು ತಪ್ಪಿಸಬೇಡ. ಬೈಯುವುದಿದ್ದರೆ ಫೋನಿನಲ್ಲಿ ಬೈದು ಕಳಿಸು, ಅಂಗಳದಲ್ಲಿ ಎಲ್ಲರೂ ಕೇಳಲಿ, ಅಡ್ಡಿಯಿಲ್ಲ. ಮೂರು ವಾರ ನಾನು ಇದ್ದ ಹಾಗೆ ನೀನು ಸುಮ್ಮನೆ ಮಾತ್ರ ಇರಬೇಡ ಮೋನೇ.