ಗುಡುಗಪ್ಪನ ಪ್ರೀಮಿಯಂ

ಮಾರ್ಚ್ ೩, ಸೋಮವಾರ

ಕಣ್ಣಿಗೆ ಡ್ರಾಪ್ಸ್ ಆಯಿತು. ವಾಕಿಂಗೂ ಆಯಿತು, ಗೋಡೆ ಹಿಡಿದುಕೊಂಡು. ದಪ್ಪ ಮಾರ್ಕರ್‌ನಲ್ಲಿ ಬರೆಯುತ್ತಿದ್ದೇನೆ, ಪುಟಕ್ಕೆ ನಾಲ್ಕೇ ಸಾಲು ಹಿಡಿಯುತ್ತದೆ. ಹಿಡಿಯಲಿ. ಓದುವವರು ಯಾರಿದ್ದಾರೆ? ನನಗೇ ಓದಲಾಗುವುದಿಲ್ಲ!

ಕಣ್ಣಿನ ನಡುಮಧ್ಯೆ ಮಸಿ ಚೆಲ್ಲಿದ ಹಾಗೆ. ಅಂಚು ಮಾತ್ರ ಕಾಣುತ್ತದೆ. ಜೀವಮಾನವೆಲ್ಲ ಫುಟ್‌ಬಾಲ್ ರೆಫರಿಯಾಗಿದ್ದವನಿಗೆ ಎಂಥ ಶಿಕ್ಷೆ — ಆಚೀಚೆಯ ಲೈನ್ಸ್‌ಮನ್ ಕಾಣುತ್ತಾರೆ, ಚೆಂಡು ಕಾಣುವುದಿಲ್ಲ. ಆಗೆಲ್ಲ ಗ್ಯಾಲರಿಯಿಂದ "ರೆಫರಿಗೆ ಕಣ್ಣಿಲ್ವೇನೋ!" ಎಂದು ಕೂಗುತ್ತಿದ್ದರು. ಅವರ ಬಾಯಿಗಿಷ್ಟು ಸಕ್ಕರೆ ಹಾಕಬೇಕು.

ಕ್ರೀಡಾ ಪತ್ರಿಕೆ ಈ ತಿಂಗಳಿಂದ ಅಚ್ಚಾಗುವುದಿಲ್ಲವಂತೆ. ಇನ್ನೇನಿದ್ದರೂ ಆನ್‌ಲೈನ್, ದುಡ್ಡು ಕಟ್ಟಿದವರಿಗೆ ಮಾತ್ರ. ಅಚ್ಚಾಗಿದ್ದರೂ ಮೂಸಿ ನೋಡುವುದಷ್ಟೇ ಬಾಕಿ ಇತ್ತು... ಬೆಳಗಾದರೆ ಇನ್ನು ಯಾವ ಸುಖಕ್ಕೆ ಏಳುವುದು?

ಮಾರ್ಚ್ ೫

ಸೊಸೆ ಮೆಡಿಕಲ್ ಶಾಪಿನ ಕೆಲಸ ಮುಗಿಸಿ ಬಂದವಳೇ, "ಮಾವ, ನಿಮ್ಮ ಹೆಸರಲ್ಲಿ ಪ್ರೀಮಿಯಂ ಕಟ್ಟಿದೀನಿ" ಎಂದಳು.

ನನ್ನವಳು ಕೈಯಲ್ಲಿದ್ದ ಲೋಟ ಬೀಳಿಸಿದಳು. "ಯಾಕೆ? ಡಾಕ್ಟ್ರು ಏನಂದ್ರು? ನನ್ನ ಹತ್ರ ಮುಚ್ಚಿಡಬೇಡಿ!"

ಇನ್ಶೂರೆನ್ಸ್ ಅಲ್ಲ, ಪತ್ರಿಕೆಯ ಆನ್‌ಲೈನ್ ಚಂದಾ. "ಆ ಪ್ರೀಮಿಯಂದು ಮನುಷ್ಯ ಹೋದ್ಮೇಲೆ ಸಿಗೋದು, ಅತ್ತೆ. ಇದು ಇರೋವಾಗ್ಲೇ ಸಿಗತ್ತೆ." ನಕ್ಕು ನಕ್ಕು ಸಾಕಾಯಿತು.

ಅಕ್ಷರ ದೊಡ್ಡದು ಮಾಡಿ ತೋರಿಸಿದಳು. ಪರದೆಗೆ ಒಂದೇ ಪದ. "ಗೋ" ಸಿಕ್ಕಿದರೆ "ಲು" ಎಲ್ಲಿ ಎಂದು ಹುಡುಕಬೇಕು. ಸಾಕಮ್ಮಾ ಎಂದೆ.

ಮಾರ್ಚ್ ೬

ಇವತ್ತು ಫೋನೇ ಓದುವ ಹಾಗೆ ಮಾಡಿದಳು. ಯಂತ್ರದ ದನಿ, ಉಸಿರೇ ಇಲ್ಲ. ಸ್ಕೋರು ೩-೨ ಎಂದಿದ್ದರೆ "ಮೂರು ಮೈನಸ್ ಎರಡು" ಅನ್ನುತ್ತದೆ! ಫೈನಲ್ ಗೆದ್ದವರಿಗೆ ಕಳೆದು ಉಳಿದದ್ದು ಒಂದು. ಡ್ರಾ ಆದರೆ ಸೊನ್ನೆ. ಗೋಲಿಗೂ ಅದೇ ದನಿ, ಸಾವಿಗೂ ಅದೇ ದನಿ. ರೇಗಿತು. "ನಿಲ್ಸು ಅದನ್ನ! ದುಡ್ಡು ವಾಪಸ್ ಕೇಳು!" ಎಂದು ಕೂಗಾಡಿದೆ.

ಸೊಸೆ ಅದನ್ನು ನಿಲ್ಲಿಸಿದಳು. ಪಾಪ, ಅವಳಿಗೆ ಆಟದ ಗಂಧಗಾಳಿ ಇಲ್ಲ. ಕಾರ್ನರ್ ಎಂದರೆ ಬೀದಿ ಮೂಲೆ ಎಂದುಕೊಂಡವಳು.

ಮಾರ್ಚ್ ೧೧, ಮಂಗಳವಾರ

ಅಬ್ಬಬ್ಬಾ! ಹೊಸ ಸೌಲಭ್ಯ. ಪ್ರೀಮಿಯಂನವರಿಗೆ ಮಾತ್ರವಂತೆ. "ದಿನಾ ಬೆಳಿಗ್ಗೆ ಒಬ್ರು ಓದಿ ಕಳಿಸ್ತಾರೆ ಮಾವ. ಈ ಗುಂಡಿ ಒತ್ತಿದ್ರೆ ಆಯ್ತು."

ಒತ್ತಿದೆ. ಗಂಡಸಿನ ದನಿ, ಹಂಡೆಯೊಳಗಿಂದ ಗುಡುಗಿದ ಹಾಗೆ. ಗುಡುಗಪ್ಪ ಎಂದು ಹೆಸರಿಟ್ಟೆ. ಸ್ಕೋರು ಸರಿಯಾಗಿ ಓದುತ್ತಾನೆ. ಆಟಗಾರರ ಹೆಸರು ಬಂದರೆ ಎಡವುತ್ತಾನೆ, ಎದ್ದು ಮತ್ತೆ ಓಡುತ್ತಾನೆ. ಗೋಲು ಬಂದಾಗ ಅವನಿಗೂ ಏದುಸಿರು! ಎರಡು ಸಲ ಕೇಳಿದೆ. ಪತ್ರಿಕೆಯವರ ಹೊಟ್ಟೆ ತಣ್ಣಗಿರಲಿ.

ಮಾರ್ಚ್ ೨೯

ಬರೆಯಲು ಪುರುಸೊತ್ತಿಲ್ಲ — ಕೇಳುವುದೇ ಆಯಿತು. ಗುಡುಗಪ್ಪನಿಗೆ ನೆಗಡಿ. ಕೆಮ್ಮುತ್ತಲೇ ಓದಿದ. ಒಂದು ದಿನ ರಜೆ ಹಾಕಬಾರದೇ, ಪುಣ್ಯಾತ್ಮ. ಸೊಸೆಗೂ ನೆಗಡಿ. ಊರಿಗೆಲ್ಲ ಹಬ್ಬಿರಬೇಕು.

ಇನ್ನೊಂದು ವಿಶೇಷ. ಓದುವಾಗ ಹಿಂದಿನಿಂದ ಸೀಟಿ ಕೇಳಿಸುತ್ತದೆ. ಸ್ಟೇಡಿಯಂ ಸದ್ದೂ ಸೇರಿಸುತ್ತಾರೆ, ಎಷ್ಟು ಅಚ್ಚುಕಟ್ಟು! ಆದರೆ ಆ ರೆಫರಿ ಯಾರೋ, ಸೀಟಿಯನ್ನು ತೀರಾ ಉದ್ದ ಎಳೆಯುತ್ತಾನೆ. ನನ್ನ ಕೈಕೆಳಗಿದ್ದಿದ್ದರೆ ತಿದ್ದುತ್ತಿದ್ದೆ.

ಏಪ್ರಿಲ್ ೮, ಮಂಗಳವಾರ. ಬೆಳಿಗ್ಗೆ

ನಗುವೋ ಅಳುವೋ ತಿಳಿಯದು.

ಇವತ್ತು ದೊಡ್ಡ ಲೇಖನ, ಕೋಚ್ ತಂಡವನ್ನು ಹೇಗೆ ನಿಲ್ಲಿಸಿದ ಎಂದು. ೪-೪-೨. ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು — ಚಿಕ್ಕ ಮಕ್ಕಳಿಗೂ ಗೊತ್ತು. ಗುಡುಗಪ್ಪ ಗಂಭೀರವಾಗಿ ಓದಿದ: "ಕೋಚ್ ಆರಿಸಿಕೊಂಡದ್ದು ಬೆಳಿಗ್ಗೆ ನಾಲ್ಕು, ಮಧ್ಯಾಹ್ನ ನಾಲ್ಕು, ರಾತ್ರಿ ಎರಡು, ಊಟ ಆದ್ಮೇಲೆ... ಅಯ್ಯೋ!"

ಹಿಂದಿನಿಂದ ಅದೇ ಉದ್ದ ಸೀಟಿ.

ಮಾತ್ರೆ ಚೀಟಿ ಓದುವ ಬಾಯಿ! ದಿನವಿಡೀ ಮೆಡಿಕಲ್ ಶಾಪಿನಲ್ಲಿ ಹೇಳಿ ಹೇಳಿ ಪಳಗಿದ ನಾಲಿಗೆ. ಆ ಸೀಟಿ ನಮ್ಮ ಮನೆ ಕುಕ್ಕರಿನದು!

ನನ್ನವಳನ್ನು ಕೇಳಿದೆ. "ಈಗ ಗೊತ್ತಾಯ್ತಾ ನಿಮಗೆ? ಫೋನಲ್ಲಿ ದನಿ ಬದಲಾಯಿಸೋದು ಏನೋ ಇದೆಯಂತೆ. ಅಡುಗೆಮನೆ ಬಾಗಿಲು ಹಾಕ್ಕೊಂಡು ಓದ್ತಾಳೆ. 'ನಾನು ಓದ್ತೀನಿ ಅಂದ್ರೆ ಮಾವ ಸಂಕೋಚ ಪಡ್ತಾರೆ, ಪ್ರೀಮಿಯಂ ಅಂದ್ರೆ ಹಕ್ಕಿಂದ ಕೇಳ್ತಾರೆ' ಅಂದ್ಲು ರೀ."

ಹಕ್ಕಿನಿಂದ... ನನ್ನನ್ನು ಎಷ್ಟು ಸರಿಯಾಗಿ ಅಳೆದಿದ್ದಾಳೆ! ಕೂಗಾಡಿದ ಮಾವನಿಗೆ ಇದು ಅವಳ ಉತ್ತರ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅದೇ ದಿನ, ಸಂಜೆ

ಹೇಳಲೋ ಬೇಡವೋ? ಹೇಳಿದರೆ ನಾಚಿಕೊಂಡು ನಿಲ್ಲಿಸಿಬಿಟ್ಟರೆ? ನನ್ನ ಬೆಳಗೇ ಹೋಯಿತು. ಸುಮ್ಮನಿದ್ದರೆ ಅಡುಗೆ, ಓದು, ಅಂಗಡಿ — ಅವಳೊಬ್ಬಳಿಗೆ ಎಷ್ಟು ಅಂತ?

ಆಟದಲ್ಲಿ ಅಡ್ವಾಂಟೇಜ್ ಅಂತ ಒಂದು ನಿಯಮ. ಫೌಲ್ ಕಣ್ಣಿಗೆ ಬಿದ್ದರೂ, ಆಟ ಒಳ್ಳೆಯ ಕಡೆಗೆ ಓಡುತ್ತಿದ್ದರೆ ಸೀಟಿ ಊದಬಾರದು. ಎರಡೂ ಕೈ ಮುಂದೆ ಚಾಚಿ "ಆಡಿ, ಆಡಿ" ಅನ್ನಬೇಕು. ಊದುವುದಿಲ್ಲ ಎಂದು ತೀರ್ಮಾನಿಸಿದೆ.

ಏಪ್ರಿಲ್ ೯

ಅಡುಗೆಮನೆಗೆ ಹೋಗಿ, "ಮಗಳೇ, ಇವತ್ತಿಂದ ಕುಕ್ಕರ್ ಡ್ಯೂಟಿ ನಂದು. ನೀನು ರೂಮಿಗೆ ಹೋಗು" ಎಂದೆ.

"ಬೇಡ ಮಾವ, ಕಣ್ಣು..."

"ಸೀಟಿ ಎಣಿಸೋಕೆ ಕಣ್ಣು ಯಾಕೆ? ಮೂರು ಕೂಗಿದ್ರೆ ಆಫ್, ಅಷ್ಟೇ ತಾನೆ? ಜೀವಮಾನವೆಲ್ಲ ಅದೇ ಕಸುಬು ಮಾಡಿದವನು ನಾನು."

ಸೌಟು ನನ್ನ ಕೈಗಿಟ್ಟಳು. ಹೋದಳು. ಗುಡುಗಪ್ಪನ ಹಿಂದೆ ಇವತ್ತು ಸೀಟಿ ಇರಲಿಲ್ಲ.

ಏಪ್ರಿಲ್ ೨೦, ಭಾನುವಾರ. ಬೆಳಿಗ್ಗೆ

ಒಲೆ ಪಕ್ಕದ ಸ್ಟೂಲ್ ಮೇಲೆ ಕೂತಿದ್ದೇನೆ. ಮಸಿ ಅಂಚಿಗೂ ಹಬ್ಬುತ್ತಿದೆ, ಡಾಕ್ಟರು ಹೇಳಿದ ಹಾಗೆಯೇ. ಈ ಸಾಲು ಹಿಂದಿನ ಸಾಲಿನ ಮೇಲೆ ಹತ್ತಿದೆಯೋ ಏನೋ. ಮೊದಲು ಭಯವಿತ್ತು. ಈಗ ಅಷ್ಟಿಲ್ಲ.

ಗುಂಡಿ ಒತ್ತಿದೆ. ಗುಡುಗಪ್ಪ ಇಲ್ಲ! ತೆಳ್ಳಗಿನ, ನಿದ್ದೆ ಬಿಡದ ದನಿ. ಬದಲಿಸಲು ಮರೆತಳೋ, ಬೇಕೆಂದೇ ಬಿಟ್ಟಳೋ. "ಪ್ರೀಮಿಯಂ ಓದುಗರಿಗೆ ನಮಸ್ಕಾರ. ಇವತ್ತಿನ ತಂಡ — ಬೆಳಿಗ್ಗೆ ನಾಲ್ಕು, ಮಧ್ಯಾಹ್ನ ಮೂರು, ರಾತ್ರಿ ಮೂರು..."

ಈ ಸಲ "ಅಯ್ಯೋ" ಇಲ್ಲ. ಕಿಸಕ್ಕೆಂದು ನಗು. ಅಡುಗೆಮನೆ ಬಾಗಿಲ ಹಿಂದಿನಿಂದಲೂ ಅದೇ ನಗು.

ಎರಡೂ ಕೈ ಮುಂದೆ ಚಾಚಿದೆ. ಆಡಮ್ಮಾ, ಆಡು. ಅವಳಿಗೆ ಹೇಳಬೇಕಾದ್ದು ಇನ್ನೂ ಎಷ್ಟೋ ಇದೆ, ಮೊದಲು ಇಲ್ಲಿ ಬರೆದಿಟ್ಟು ಆಮೇಲೆ — ಕುಕ್ಕರ್ ಕೂಗಿತು. ಒಂದು. ಎರಡು. ಮೂ